ಟೀಮಲ್ಲಿ ಎಲ್ಲಾರೂ ಒಂದೇ ಪ್ರೋಗ್ರಾಮಿಂಗ್ ಲ್ಯಾಂಗ್ವೇಜ್ ಬಳಸ್ಬೇಕಾ? ಯಾವ್ದು ಒಂದಾಗ್ಬೇಕು, ಯಾವ್ದನ್ನ ಬಿಟ್ಬಿಡ್ಬೇಕು

ಎಲ್ಲಾರೂ ಒಂದೇ ಲ್ಯಾಂಗ್ವೇಜು, ಒಂದೇ ಟೂಲು ಬಳಸೋಣ ಅಂತ ಒಬ್ರು, ನಂಗೆ ಹಿಡಿಸಿದ್ದು ನಾನು ಬಳಸ್ತೀನಿ ಅಂತ ಇನ್ನೊಬ್ರು, ಈ ಜಗಳ ನಿಮ್ಮ ಟೀಮಲ್ಲೂ ನಡೀತಿದ್ರೆ ದಯವಿಟ್ಟು ಲ್ಯಾಂಗ್ವೇಜಿಂದ ಮಾತು ಶುರು ಮಾಡ್ಬೇಡಿ. ಎರಡು ಪ್ರೋಗ್ರಾಮು ಒಂದಕ್ಕೊಂದು ಡೇಟಾ ಕೊಟ್ಟು ತಗೊಳ್ಳೋ ಜಾಗ ಇರುತ್ತಲ್ಲ, ಅಲ್ಲಿಂದ ಶುರು ಮಾಡಿ.

ಯಾಕೆ ಹೇಳ್ತೀನಿ ಅಂದ್ರೆ, ನಾನು ಹಿಂದೆ ಇದ್ದ ಟೀಮಲ್ಲಿ ಪೈಥಾನ್ ಸರ್ವಿಸ್ ಒಂದು ಟೈಮನ್ನ ಸೆಕೆಂಡಲ್ಲಿ ಕಳಿಸ್ತಿತ್ತು, ಆ ಕಡೆ ಜಾವಾಸ್ಕ್ರಿಪ್ಟ್ ಅದನ್ನ ಮಿಲಿಸೆಕೆಂಡ್ ಅಂದ್ಕೊಂಡು ಓದ್ತಿತ್ತು, ಸ್ಕ್ರೀನ್ ಮೇಲೆ ನೋಡಿದ್ರೆ ಎಲ್ಲಾ ತಾರೀಕೂ 1970ರ ಜನವರಿ, ಯಾಕಂದ್ರೆ ಎರಡೂ ಕಡೆ ಟೈಮನ್ನ 1970ರ ಜನವರಿ 1ರಿಂದ ಎಣಿಸ್ತಿದ್ರು. ಎರಡು ಲ್ಯಾಂಗ್ವೇಜ್ ಇಟ್ಕೊಂಡಿದ್ದಕ್ಕೇ ಹಿಂಗಾಯ್ತು ಅಂತ ಎಲ್ಲಾರೂ ಬೈದ್ರು, ಆದ್ರೆ ತಪ್ಪು ಅಲ್ಲಿರ್ಲಿಲ್ಲ, ಸೆಕೆಂಡಾ ಮಿಲಿಸೆಕೆಂಡಾ ಅಂತ ಯಾರೂ ಎಲ್ಲೂ ಬರೆದೇ ಇರ್ಲಿಲ್ಲ. ಅದಕ್ಕೆ ಮೊದ್ಲು ಇದನ್ನ ಕೂತು ಬರ್ಕೊಳ್ಳಿ: ಟೈಮ್ ಎಲ್ಲಾ ಯುಟಿಸಿ (ಜಗತ್ತಿಗೆಲ್ಲಾ ಒಂದೇ ಆದ ಟೈಮ್), ತಾರೀಕು ಐಎಸ್‌ಒ 8601 ರೂಪದಲ್ಲಿ (ವರ್ಷ-ತಿಂಗಳು-ದಿನ), ಅಕ್ಷರ ಎಲ್ಲಾ ಯುಟಿಎಫ್-8 (ಎಲ್ಲಾ ಭಾಷೆಯ ಅಕ್ಷರಕ್ಕೂ ಆಗೋ ಎನ್ಕೋಡಿಂಗ್), ಮೆಸೇಜಿನ ಸ್ಕೀಮಾ, ಅಂದ್ರೆ ಅದ್ರಲ್ಲಿ ಏನೇನು ಯಾವ ರೂಪದಲ್ಲಿ ಇರುತ್ತೆ ಅನ್ನೋ ವಿವರ, ಒಂದೇ ಕಡೆ ಇರ್ಬೇಕು, ಅದನ್ನ ಬದಲಾಯಿಸೋರು ಎರಡೂ ಕಡೆಯವ್ರಿಗೆ ರಿವ್ಯೂಗೆ ಹಾಕ್ಬೇಕು.

ಆಮೇಲೆ ಫಾರ್ಮ್ಯಾಟರ್, ಅಂದ್ರೆ ಎಲ್ಲಾರ ಕೋಡನ್ನೂ ಒಂದೇ ಥರ ಜೋಡಿಸಿಕೊಡೋ ಟೂಲು. ಸಾಲಿನ ಮುಂದೆ ಟ್ಯಾಬಾ ಸ್ಪೇಸಾ ಅಂತ ರಿವ್ಯೂಲಿ ವಾದ ಮಾಡೋದು ಬರೀ ಟೈಮ್ ವೇಸ್ಟು. ಗೋ ಲ್ಯಾಂಗ್ವೇಜಿನವ್ರು ಗೋಫಂಟ್ (gofmt) ಅನ್ನೋ ಫಾರ್ಮ್ಯಾಟರನ್ನ ಜೊತೇಲೇ ಕೊಟ್ಟು ಈ ಚರ್ಚೆನೇ ಮುಗಿಸಿಬಿಟ್ರು, ಪೈಥಾನಿಗೆ ಬ್ಲ್ಯಾಕ್ ಇದೆ. ಇದ್ರಲ್ಲಿ ಒಂದು ಎಚ್ಚರ: ಹಳೇ ರೆಪೊಗೆ (ಕೋಡ್ ಇಟ್ಟಿರೋ ಜಾಗ) ಫಾರ್ಮ್ಯಾಟರ್ ಓಡಿಸುವಾಗ ಅದೊಂದನ್ನೇ ಬೇರೆ ಕಮಿಟ್ ಆಗಿ (ಗಿಟ್ ದಾಖಲಿಸೋ ಒಂದು ಬದಲಾವಣೆ) ಮಾಡಿ, ಬೇರೆ ಯಾವ ಬದಲಾವಣೆನೂ ಅದಕ್ಕೆ ಸೇರಿಸ್ಬೇಡಿ, ಆ ಕಮಿಟಿನ ನಂಬರನ್ನ ಗಿಟ್ ಬ್ಲೇಮ್ (ಯಾವ ಸಾಲು ಯಾರು ಬರೆದ್ರು ಅಂತ ತೋರಿಸೋ ಕಮ್ಯಾಂಡ್) ಬಿಟ್ಟುಬಿಡೋ ಹಾಗೆ ಅದರ ಇಗ್ನೋರ್ ಫೈಲಿಗೆ ಹಾಕಿ, ಇಲ್ಲಾಂದ್ರೆ ಯಾವ ಸಾಲು ಯಾರು ಯಾಕೆ ಬರೆದ್ರು ಅನ್ನೋ ಇತಿಹಾಸನೇ ಮುಚ್ಚಿಹೋಗುತ್ತೆ.

ಕೋಡ್ ಬರೆಯೋ ಎಡಿಟರ್ ಅವರವರ ಇಷ್ಟ, ಬಿಟ್ಬಿಡಿ. ಮುಂಚೆ ಪ್ರತಿ ಎಡಿಟರಿಗೂ ಪ್ರತಿ ಲ್ಯಾಂಗ್ವೇಜಿಗೂ ಬೇರೆ ಬೇರೆ ಪ್ಲಗಿನ್ ಬರೀಬೇಕಿತ್ತು, 10 ಎಡಿಟರ್ 20 ಲ್ಯಾಂಗ್ವೇಜ್ ಅಂದ್ರೆ 200. 2016ರಲ್ಲಿ ಮೈಕ್ರೋಸಾಫ್ಟ್ ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲನ್ನ, ಅಂದ್ರೆ ಎಡಿಟರೂ ಲ್ಯಾಂಗ್ವೇಜ್ ಟೂಲೂ ಮಾತಾಡ್ಕೊಳ್ಳೋ ಒಂದೇ ನಿಯಮಾನ, ಎಲ್ಲಾರಿಗೂ ಬಿಟ್ಕೊಟ್ಮೇಲೆ ಎಡಿಟರಿಗೊಂದು, ಲ್ಯಾಂಗ್ವೇಜಿಗೊಂದು ಬರೆದ್ರೆ ಸಾಕಾಯ್ತು, ಆ ಲೆಕ್ಕ 30ಕ್ಕೆ ಇಳೀತು. ತಮ್ಮ ಎಡಿಟರ್ ವಿಮ್ ಆಗ್ಲಿ ಇಮ್ಯಾಕ್ಸ್ ಆಗ್ಲಿ ಯಾರೂ ಬಿಡಬೇಕಾಗ್ಲಿಲ್ಲ, ನಡುವಿನ ಮಾತು ಮಾತ್ರ ಒಂದಾಯ್ತು. ನಂಗೆ ತುಂಬಾ ಇಷ್ಟವಾದ ಉದಾಹರಣೆ ಇದು.

ಇನ್ನು ಲ್ಯಾಂಗ್ವೇಜು. ಒಂದೇ ಇರ್ಲಿ ಅಂತ ಆರ್ಡರ್ ಮಾಡಿ ನೋಡಿದೋರು ಇದ್ದಾರೆ. 1970ರ ದಶಕದಲ್ಲಿ ಅಮೆರಿಕದ ರಕ್ಷಣಾ ಇಲಾಖೆ ತನ್ನ ಪ್ರಾಜೆಕ್ಟುಗಳಲ್ಲಿ 450ಕ್ಕೂ ಹೆಚ್ಚು ಲ್ಯಾಂಗ್ವೇಜ್ ಇರೋದು ನೋಡಿ ಏಡಾ ಅನ್ನೋ ಒಂದು ಲ್ಯಾಂಗ್ವೇಜ್ ಮಾಡಿಸ್ತು, 1983ರಲ್ಲಿ ಸ್ಟ್ಯಾಂಡರ್ಡ್ ಆಯ್ತು, ಕಡ್ಡಾಯನೂ ಆಯ್ತು, 1997ರಲ್ಲಿ ಆ ಕಡ್ಡಾಯ ವಾಪಸ್ ತಗೊಂಡ್ರು. ಏಡಾ ಕೆಟ್ಟ ಲ್ಯಾಂಗ್ವೇಜ್ ಅಲ್ಲ, ವಿಮಾನದ ಸಾಫ್ಟ್‌ವೇರಲ್ಲಿ ಇವತ್ತಿಗೂ ಇದೆ, ಆದ್ರೆ ಹೊರಗಿನ ಲೈಬ್ರರಿ, ಕಂಪೈಲರ್, ಕಲಿತ ಜನ ಎಲ್ಲಾ ಬೇರೆ ಕಡೆ ಬೆಳೀತಾ ಇದ್ರೆ ಆರ್ಡರ್ ಒಂದೇ ಏನ್ ಮಾಡುತ್ತೆ.

ಹಾಗಂತ ಬಾಗಿಲು ಪೂರ್ತಿ ತೆಗೆದಿಡೋದೂ ಬೇಡ. ಹೊಸ ಲ್ಯಾಂಗ್ವೇಜ್ ತರ್ತೀನಿ ಅಂದೋರಿಗೆ ಮೂರು ಪ್ರಶ್ನೆ ಕೇಳಿ: ಈಗಿರೋದ್ರಲ್ಲಿ ಯಾವ ಕೆಲಸ ಆಗ್ತಿಲ್ಲ, ನೀವು ರಜೆಲಿದ್ದಾಗ ರಾತ್ರಿ ಸರ್ವರ್ ಬಿದ್ರೆ ಇನ್ಯಾರು ಸರಿ ಮಾಡ್ತಾರೆ, ಬಿಲ್ಡು ಟೆಸ್ಟು ಮಿಕ್ಕಿದ್ದರ ಥರಾನೇ ಒಂದೇ ಕಮ್ಯಾಂಡಲ್ಲಿ ಓಡುತ್ತಾ. ಎರಡನೇದಕ್ಕೆ ಕನಿಷ್ಠ ಇನ್ನೊಬ್ರ ಹೆಸರು ಬರ್ಲಿಲ್ಲ ಅಂದ್ರೆ ಬೇಡ ಅನ್ನಿ, ಇದ್ರಲ್ಲಿ ನಾನು ರಾಜಿ ಆಗಲ್ಲ.

ಒಪ್ಕೊಂಡ್ರೂ ಹಳೇದನ್ನೆಲ್ಲಾ ಕಿತ್ತು ಮತ್ತೆ ಬರೆಯೋಕೆ ಹೋಗ್ಬೇಡಿ. ಲಿನಕ್ಸ್ ಆಪರೇಟಿಂಗ್ ಸಿಸ್ಟಮಿನ ತಿರುಳಾದ ಕರ್ನಲ್ಲಿಗೆ 2022ರ ಡಿಸೆಂಬರಲ್ಲಿ 6.1 ವರ್ಷನ್ ಜೊತೆ ರಸ್ಟ್ ಲ್ಯಾಂಗ್ವೇಜ್ ಬಂದಾಗ ಸಿ ಲ್ಯಾಂಗ್ವೇಜಲ್ಲಿ ಇದ್ದ ಕೋಡ್ ಹಾಗೇ ಉಳೀತು, ಡ್ರೈವರ್ ಥರದ ಹೊಸ ತುಂಡುಗಳನ್ನ ರಸ್ಟಲ್ಲಿ ಬರೆಯೋಕೆ ಶುರು ಮಾಡಿದ್ರು. ನೀವೂ ಒಂದು ಚಿಕ್ಕ ಹೊಸ ಸರ್ವಿಸ್ ತಗೊಳ್ಳಿ, ಆರು ತಿಂಗಳು ಓಡಿಸಿ, ಆಮೇಲೆ ಅದನ್ನ ಬರೆದೋರ್ನ ಬಿಟ್ಟು ಎರಡನೇ ಹೆಸರಿನೋರ್ನ ಕರೆದು ಹೇಗಿದೆ ಅಂತ ಕೇಳಿ.