ಪಿನ್ ಗನ್ ಗಾಳಿ ಬಿಡುತ್ತಿದೆಯೇ? ಬಿಚ್ಚುವ ಮೊದಲು ಸದ್ದಿನ ಜಾಗ ಹಿಡಿಯಿರಿ

ಪ್ಲೈವುಡ್ ಕಪಾಟು, ಸೋಫಾ ಚೌಕಟ್ಟಿನ ಕೆಲಸಕ್ಕೆ ಬಳಸುವ, ಗಾಳಿಯ ಒತ್ತಡದಿಂದ ಸಣ್ಣ ಮೊಳೆ ಹೊಡೆಯುವ ಎಫ್30 ಥರದ ಪಿನ್ ಗನ್ ಸುಸ್ಸೆಂದು ಗಾಳಿ ಬಿಡತೊಡಗಿದರೆ, ಬಹಳ ಸಲ ಸವೆದಿರುವುದು ಒಂದೆರಡು ಓ-ರಿಂಗ್ (ಗಾಳಿ ತಡೆಯುವ ರಬ್ಬರ್ ಉಂಗುರ) ಮಾತ್ರ. ಯಾವುದು ಸವೆದಿದೆ ಎಂಬುದನ್ನು ಗನ್ನೇ ಹೇಳುತ್ತದೆ. ಗಾಳಿ ಎಲ್ಲಿಂದ ಬರುತ್ತಿದೆ, ಟ್ರಿಗರ್ ಒತ್ತಿದಾಗಲೋ ಬಿಟ್ಟಾಗಲೋ ಎಂದು ನೋಡಬೇಕು, ಅಷ್ಟೆ. ಇದನ್ನು ನೋಡದೆ ಎಲ್ಲ ಬಿಚ್ಚಿದರೆ ಸರಿಯಾಗಿದ್ದ ಸೀಲಿಗೂ ಗಾಯವಾಗುತ್ತದೆ.

ಮೊಳೆಗಳನ್ನೆಲ್ಲ ತೆಗೆದು, ಕಣ್ಣಿಗೆ ಕನ್ನಡಕ ಹಾಕಿ, 5ರಿಂದ 6 ಬಾರ್ ಗಾಳಿ ಕೊಡಿ. ಸೋಪಿನ ನೀರನ್ನು ಬ್ರಷ್‌ನಿಂದ ಹಚ್ಚುತ್ತ ಬಂದರೆ ಗುಳ್ಳೆ ಏಳುವ ಜಾಗ ಕಾಣುತ್ತದೆ. ಪೈಪ್ ಸೇರುವ ಜಾಗದಲ್ಲಿ ಗುಳ್ಳೆ ಬಂದರೆ ನಿಪ್ಪಲ್ (ಪೈಪ್ ಸಿಕ್ಕಿಸುವ ಲೋಹದ ತುದಿ) ಬಿಚ್ಚಿ, ಹಳೆಯ ಟೆಫ್ಲಾನ್ ಟೇಪ್ ಕಿತ್ತು ಹೊಸದನ್ನು ಸುತ್ತಿ. ಮೇಲಿನ ಮುಚ್ಚಳದ ಸಂದಿನಲ್ಲಿ ಬಂದರೆ ಮೊದಲು ಬೋಲ್ಟ್ ಬಿಗಿ ಮಾಡಿ ನೋಡಿ. ನಿಲ್ಲದಿದ್ದರೆ ಗ್ಯಾಸ್ಕೆಟ್ ಬದಲಿಸಿ.

ಟ್ರಿಗರ್ ಬಿಟ್ಟಿರುವಾಗಲೇ ಟ್ರಿಗರ್ ಹತ್ತಿರ ಸೋರಿದರೆ ಟ್ರಿಗರ್ ವಾಲ್ವಿನ ಕಡ್ಡಿಯ ಮೇಲಿನ ಓ-ರಿಂಗ್ ಹೋಗಿದೆ. ಟ್ರಿಗರ್ ಬಿಟ್ಟಿರುವಾಗ ಮೇಲಿನ ಎಕ್ಸಾಸ್ಟ್ ರಂಧ್ರದಿಂದ (ಹೊಡೆದ ಮೇಲೆ ಗಾಳಿ ಹೊರಹೋಗುವ ತೂತು) ಗಾಳಿ ಬಂದರೆ ಹೆಡ್ ವಾಲ್ವ್ ಸಿಲಿಂಡರಿನ ಬಾಯಿ ಮುಚ್ಚುತ್ತಿಲ್ಲ, ಅಥವಾ ಅದರ ಓ-ರಿಂಗ್ ಸವೆದಿದೆ. ಬಿಟ್ಟಿರುವಾಗ ಮೂತಿಯಿಂದ ಬಂದರೆ ಸಿಲಿಂಡರಿನ ಹೊರಮೈ ಓ-ರಿಂಗ್ ಮೇಲೆ ಅನುಮಾನವಿಡಿ. ಇನ್ನು ಮೂತಿಯನ್ನು ಬೇಡದ ಹಲಗೆಗೆ ಒತ್ತಿ ಟ್ರಿಗರ್ ಹಿಡಿದೇ ಇರಿ. ಆಗ ಮೂತಿಯಿಂದ ಗಾಳಿ ಹರಿದರೆ ಸಿಲಿಂಡರಿನ ತಳದಲ್ಲಿ ಪಿಸ್ಟನ್ನಿನ ಏಟು ತಡೆಯುವ ಬಂಪರ್ ಒಡೆದಿದೆ. ಎಕ್ಸಾಸ್ಟಿನಿಂದ ಹರಿದರೆ ಹೆಡ್ ವಾಲ್ವಿನ ಮೇಲ್ಬದಿಯ ಸೀಲ್ ಕೆಟ್ಟಿದೆ. ಪಿಸ್ಟನ್ ಓ-ರಿಂಗ್ ಸವೆದರೆ ಸಾಮಾನ್ಯವಾಗಿ ಸುಮ್ಮನಿದ್ದಾಗ ಸೋರುವುದಿಲ್ಲ. ಹೊಡೆತ ಸೋತು ಮೊಳೆಯ ತಲೆ ಮೇಲೆ ಉಳಿಯುತ್ತದೆ.

ಬಿಚ್ಚುವ ಮೊದಲು ಗಾಳಿ ಪೈಪ್ ತೆಗೆಯಿರಿ. ಗನ್ನಿನ ಮೇಲೆ ಇರಬೇಕಾದದ್ದು ಗಂಡು ನಿಪ್ಪಲ್. ವಾಲ್ವ್ ಇರುವ ಹೆಣ್ಣು ಕಪ್ಲರನ್ನು ಗನ್ನಿಗೇ ಹಾಕಿರುವುದುಂಟು. ಹಾಗಿದ್ದರೆ ಪೈಪ್ ತೆಗೆದ ಮೇಲೂ ಒಳಗೆ ಗಾಳಿ ಉಳಿದು ಗನ್ ಒಂದು ಏಟು ಹೊಡೆದೇ ಬಿಡುತ್ತದೆ. ಬೆರಳು ಹೋಗುವುದು ಹೀಗೆ. ಆ ಕಪ್ಲರನ್ನು ಇವತ್ತೇ ಬದಲಿಸಿ.

ಬೇಕಾಗುವುದು 4 ಮತ್ತು 5 ಮಿಲಿಮೀಟರ್ ಅಲನ್ ಕೀ, ಟ್ರಿಗರ್ ಪಿನ್ ಹೊಡೆಯಲು ಸಣ್ಣ ಪಂಚ್, ವರ್ನಿಯರ್, ಸಿಲಿಕಾನ್ ಗ್ರೀಸ್, ಮೊಂಡು ತುದಿಯ ಕೊಕ್ಕೆ. ಮುಚ್ಚಳದ ನಾಲ್ಕು ಬೋಲ್ಟ್‌ಗಳನ್ನು ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಒಳಗಿನ ಸ್ಪ್ರಿಂಗ್ ಮುಚ್ಚಳವನ್ನು ಮೇಲೆ ತಳ್ಳುತ್ತದೆ. ಒಂದೊಂದು ಭಾಗ ತೆಗೆದ ಹಾಗೆ ಮೊಬೈಲಿನಲ್ಲಿ ಫೋಟೋ ಹೊಡೆದು, ತೆಗೆದ ಕ್ರಮದಲ್ಲೇ ಬಟ್ಟೆಯ ಮೇಲೆ ಸಾಲಾಗಿ ಇಡಿ. ಹೆಡ್ ವಾಲ್ವ್ ತಲೆಕೆಳಗಾಗಿ ಕೂತರೆ ಗನ್ ಮೊದಲಿಗಿಂತ ಜೋರಾಗಿ ಸೋರುತ್ತದೆ. ಒಳಭಾಗವನ್ನು ಒಣ ಬಟ್ಟೆಯಿಂದ ಒರೆಸಿ. ಪೆಟ್ರೋಲ್, ಥಿನ್ನರ್ ಬೇಡ, ರಬ್ಬರ್ ಉಬ್ಬುತ್ತದೆ.

ಗನ್ನಿನ ಮಾಡೆಲ್ಲಿಗೆ ರಿಪೇರಿ ಕಿಟ್ ಸಿಕ್ಕರೆ ಅದೇ ಒಳ್ಳೆಯದು. ಟ್ರಿಗರ್ ವಾಲ್ವನ್ನಂತೂ ರಿಂಗ್ ಹುಡುಕುವ ಬದಲು ಇಡಿಯಾಗಿ ಬದಲಿಸಿ. ಕಿಟ್ ಸಿಗದಿದ್ದರೆ, ಹೈಡ್ರಾಲಿಕ್ ಕಾರ್ಖಾನೆಗಳ ಊರಾದ ಬೆಳಗಾವಿಯಲ್ಲಿ ಉದ್ಯಮಬಾಗ, ಮಚ್ಛೆ ಕಡೆಯ ಸೀಲ್ ಅಂಗಡಿಗಳಲ್ಲಿ ವಿಚಾರಿಸಿ. ಒಳವ್ಯಾಸ ಮತ್ತು ದಪ್ಪ ಎರಡನ್ನೂ ಹೇಳಿ, ನೈಟ್ರೈಲ್ ರಬ್ಬರ್, 70 ಶೋರ್ ಗಡಸುತನದ್ದು ಕೇಳಿ. ಹಳೆಯ ರಿಂಗ್ ಅಳೆದು ತರಬೇಡಿ, ಅದು ಚಪ್ಪಟೆಯಾಗಿರುತ್ತದೆ. ರಿಂಗ್ ಕೂರುವ ತೋಡಿನ ಅಗಲ, ಆಳ ಅಳೆಯಿರಿ. ರಿಂಗಿನ ದಪ್ಪ ಆಳಕ್ಕಿಂತ ಸ್ವಲ್ಪವೇ ಹೆಚ್ಚಿರಬೇಕು. ಪಿಸ್ಟನ್ನಿನಂಥ ಓಡಾಡುವ ಭಾಗಕ್ಕೆ ದಪ್ಪ ರಿಂಗ್ ಹಾಕಿದರೆ ಸೋರಿಕೆ ನಿಂತರೂ ಪಿಸ್ಟನ್ ಹಿಡಿದು, ಡ್ರೈವರ್ (ಮೊಳೆ ಹೊಡೆಯುವ ಪಟ್ಟಿ) ಪೂರ್ತಿ ಮೇಲೆ ಮರಳುವುದಿಲ್ಲ.

ಹೊಸ ರಿಂಗಿಗೆ ತೆಳುವಾಗಿ ಗ್ರೀಸ್ ಸವರಿ, ತಿರುಚದಂತೆ ಕೂರಿಸಿ. ಸಿಲಿಂಡರಿನೊಳಗೆ ಬೆರಳಾಡಿಸಿ ನೋಡಿ. ಉಗುರಿಗೆ ಸಿಗುವಷ್ಟು ಗೀರು ಇದ್ದರೆ ಯಾವ ರಿಂಗೂ ಬಾಳುವುದಿಲ್ಲ, ಸಿಲಿಂಡರನ್ನೇ ಬದಲಿಸಬೇಕು. ಬಂಪರಿನಲ್ಲಿ ಸಣ್ಣ ಬಿರುಕಿದ್ದರೂ ಹೊಸದು ಹಾಕಿ. ಹಾಗೇ ಬಿಟ್ಟರೆ ಪಿಸ್ಟನ್ ಲೋಹಕ್ಕೆ ಬಡಿದು ಡ್ರೈವರ್ ಮುರಿಯುತ್ತದೆ. ಬೋಲ್ಟ್‌ಗಳಿಗೆ ನೀಲಿ ಥ್ರೆಡ್ ಲಾಕರ್ (ಬೋಲ್ಟ್ ಸಡಿಲವಾಗದಂತೆ ಹಿಡಿಯುವ ಅಂಟು) ಒಂದೊಂದು ಹನಿ ಹಾಕಿ, ಮತ್ತೆ ಮೂಲೆಯಿಂದ ಮೂಲೆಗೆ ಬಿಗಿಯಿರಿ. ಮೈ ಅಲ್ಯೂಮಿನಿಯಂನದು, ಅತಿಯಾಗಿ ತಿರುಗಿಸಿದರೆ ಒಳಗಿನ ಥ್ರೆಡ್ ಕಿತ್ತು ಬರುತ್ತದೆ.

ಪರೀಕ್ಷೆಗೂ ಮೊಳೆ ಬೇಡ. ಗಾಳಿಯನ್ನು ನಿಧಾನವಾಗಿ ಏರಿಸಿದರೆ ಕೆಲವು ಗನ್ ಕಡಿಮೆ ಒತ್ತಡದಲ್ಲಿ ಸೋರುತ್ತವೆ, ಹೆಡ್ ವಾಲ್ವ್ ಇನ್ನೂ ಕೂತಿರುವುದಿಲ್ಲ. ಹೆದರಿ ಮತ್ತೆ ಬಿಚ್ಚಬೇಡಿ. ರೆಗ್ಯುಲೇಟರನ್ನು 5 ಬಾರ್‌ಗೆ ಇಟ್ಟು ಪೈಪನ್ನು ಒಮ್ಮೆಲೇ ಸಿಕ್ಕಿಸಿ. ಆಗಲೂ ಸೋರಿದರೆ ಮಾತ್ರ ಸೋಪಿನ ನೀರು ತೆಗೆದುಕೊಳ್ಳಿ. ಬಳಿಕ ಮರದ ತುಂಡಿನ ಮೇಲೆ ಹತ್ತಾರು ಏಟು ಹೊಡೆದು ಡ್ರೈವರ್ ಪ್ರತಿಸಲ ಮರಳುತ್ತದೆಯೇ ನೋಡಿ.

ಬೆಳಗಾವಿಯ ಮಳೆಗಾಲದಲ್ಲಿ ಕಂಪ್ರೆಸರ್ ಟ್ಯಾಂಕಿನಲ್ಲಿ ನೀರು ಬೇಗ ತುಂಬುತ್ತದೆ. ಆ ನೀರು ಗನ್ನಿಗೆ ಹೋದರೆ ಗ್ರೀಸ್ ತೊಳೆದು ಸ್ಪ್ರಿಂಗಿಗೆ ತುಕ್ಕು ಹಿಡಿಸುತ್ತದೆ. ಸಂಜೆ ಕೆಲಸ ಮುಗಿದ ಮೇಲೆ ಟ್ಯಾಂಕಿನ ತಳದ ಕಾಕ್ ತೆರೆದು ನೀರು ಬಿಡಿ. ಬೆಳಿಗ್ಗೆ ನಿಪ್ಪಲ್ಲಿನೊಳಗೆ ನ್ಯೂಮ್ಯಾಟಿಕ್ ಎಣ್ಣೆ ಎರಡು ಮೂರು ಹನಿ ಸಾಕು. ಗಾಡಿಯ ಎಂಜಿನ್ ಆಯಿಲ್ ಹಾಕಬೇಡಿ, ಅದರಲ್ಲಿ ಬೆರೆಸಿದ ರಾಸಾಯನಿಕಗಳು ಸೀಲಿಗೆ ಆಗಿಬರುವುದಿಲ್ಲ.