ಬೆನ್ನಿನಿಂದ ಶುರುಮಾಡಿ: ಡಿವಿಡಿ ಕವರ್ ಮಾಡುವ ಕ್ರಮ

ತಾವು ತೆಗೆದ ಸಿನಿಮಾವನ್ನು ಡಿವಿಡಿ ಮಾಡಿಸಬೇಕು ಅಂತ ಬರುವವರು ಮೊದಲು ನನ್ನ ಮೇಜಿನ ಮೇಲೆ ಇಡುವುದು ಪೋಸ್ಟರನ್ನೇ. ‘ಸಾರ್, ಇದನ್ನೇ ಸ್ವಲ್ಪ ಚಿಕ್ಕದು ಮಾಡಿ ಕವರ್‌ಗೆ ಹಾಕಿಬಿಡಿ, ಹಿಂದೆ ಕಥೆ ನಾಲ್ಕು ಸಾಲು, ಮುಗೀತು.’ ನಾನು ಪೋಸ್ಟರನ್ನು ಪಕ್ಕಕ್ಕೆ ಸರಿಸಿ, ಖಾಲಿ ಡಬ್ಬಿಯನ್ನೂ ಸ್ಟೀಲ್ ಸ್ಕೇಲನ್ನೂ ತೆಗೆಯುತ್ತೇನೆ. ಕೆಲಸ ಶುರುವಾಗುವುದು ಡಬ್ಬಿಯ ಬೆನ್ನಿನಿಂದ, ಅಂದರೆ ಮುಖಕ್ಕೂ ಹಿಂಬದಿಗೂ ನಡುವಿನ ಸಪೂರ ಪಟ್ಟಿಯಿಂದ. ಆಮೇಲೆ ಹಿಂಬದಿ, ಕೊನೆಗೆ ಮುಖ. ಬಂದವರಿಗೆ ಇದು ತಲೆಕೆಳಗು ಅನ್ನಿಸುತ್ತದೆ, ಅನ್ನಿಸಲಿ.

ಕಾರಣ ಸರಳ. ಡಿವಿಡಿಯ ಮುಖ ಕಾಣುವುದು ಕೊಳ್ಳುವ ದಿನ, ಚಿತ್ರೋತ್ಸವದ ಮೇಜಿನ ಮೇಲೋ ಪರದೆಯ ಮೇಲಿನ ಚಿಕ್ಕ ಚಿತ್ರದಲ್ಲೋ. ಮನೆಗೆ ಹೋದ ಮೇಲೆ ಅದು ಕಪಾಟಿನಲ್ಲಿ ನಿಲ್ಲುತ್ತದೆ, ಆಮೇಲೆ ವರ್ಷಗಟ್ಟಲೆ ಕಾಣುವುದು ಬೆನ್ನು ಮಾತ್ರ. ವಿಎಚ್ಎಸ್ ಕ್ಯಾಸೆಟ್ಟೇ 25 ಮಿಮೀ ದಪ್ಪ. ವಿಡಿಯೋ ಲೈಬ್ರರಿಯ ಗೋಡೆಯಲ್ಲಿ ಮೂರು ಅಡಿ ದೂರದಿಂದಲೇ ಹೆಸರು ಓದಬಹುದಿತ್ತು. ಡಿವಿಡಿ ಡಬ್ಬಿಗೆ ಅದು 14 ಮಿಮೀಗೆ ಇಳಿಯಿತು. ವಿಸಿಡಿ ಬರುತ್ತಿದ್ದ ಗಾಜಿನಂಥ ಜ್ಯುವೆಲ್ ಬಾಕ್ಸಿನಲ್ಲಿ ಸುಮಾರು ಆರೂವರೆ ಮಿಮೀ. ಇನ್ನು 2007ರ ಹೊತ್ತಿಗೆ ಮೋಸರ್ ಬೇರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೂ ಡಿವಿಡಿಯನ್ನು 34 ರೂಪಾಯಿಗೂ ಮಾರುಕಟ್ಟೆಗೆ ತಂದಾಗ, ಆ ದುಡ್ಡಿನಲ್ಲಿ ಡಬ್ಬಿಗೆ, ಡಿಸೈನಿಗೆ ಅಂತ ಎಷ್ಟು ಉಳಿದೀತು, ನೀವೇ ಲೆಕ್ಕ ಹಾಕಿ. ಕೊಳ್ಳುವವನಿಗೆ ಲಾಭವಾಯಿತು ನಿಜ. ನಮ್ಮಂಥ ಇನ್‌ಲೇ (ಡಬ್ಬಿಗೆ ತೂರಿಸುವ ಕವರ್ ಕಾಗದ) ಮಾಡುವವರಿಗೆ ಕೆಲಸ ಗಂಟೆಗಳ ಲೆಕ್ಕಕ್ಕೆ ಬಂತು.

ಒಳ್ಳೆಯ ಸಿನಿಮಾಗಳನ್ನು ಆರಿಸಿ ಡಿಸ್ಕ್ ಮಾಡುವ ಅಮೆರಿಕದ ಕ್ರೈಟೀರಿಯನ್ ಸಂಸ್ಥೆ ಬೆನ್ನಿನ ಮೇಲೆ ಒಂದು ಕ್ರಮಸಂಖ್ಯೆ ಹಾಕುತ್ತದೆ. ಅಷ್ಟು ಚಿಕ್ಕ ಅಂಕಿಗೆ ಸಂಗ್ರಾಹಕರು ಕಪಾಟನ್ನೇ ಆ ಕ್ರಮದಲ್ಲಿ ಜೋಡಿಸಿಕೊಳ್ಳುತ್ತಾರೆ. ಬೆನ್ನಿನ ತಾಕತ್ತು ಇಷ್ಟು.

ಈಗ ಕನ್ನಡದ ಪೇಚು. ಇಂಗ್ಲಿಷಿನ ದೊಡ್ಡಕ್ಷರಗಳಿಗೆ ತಲೆ-ಕಾಲು ಒಂದೇ ಗೆರೆಯಲ್ಲಿರುತ್ತದೆ, 10 ಮಿಮೀ ಜಾಗ ಸಿಕ್ಕರೆ ಹತ್ತಕ್ಕೆ ಹತ್ತೂ ತುಂಬುತ್ತವೆ. ನಮ್ಮಲ್ಲಿ ಹಾಗಲ್ಲ. ‘ರಾಷ್ಟ್ರ’ ಅಂತ ಬರೆದು ನೋಡಿ. ‘ಷ’ದ ಕೆಳಗೆ ಟ-ಒತ್ತು, ಅದಕ್ಕೆ ಅಂಟಿಕೊಂಡು ರ-ಒತ್ತು. 14 ಮಿಮೀ ಬೆನ್ನಿನಲ್ಲಿ ಎರಡೂ ಕಡೆ ಎರಡೆರಡು ಮಿಮೀ ಬಿಟ್ಟರೆ ಉಳಿಯುವುದು ಹತ್ತು. ಅದರಲ್ಲಿ ಒತ್ತುಗಳಿಗೇ ಹತ್ತಿರ ಹತ್ತಿರ ಅರ್ಧ ಹೋಗುತ್ತದೆ. ಅಕ್ಷರದ ಮೈಗೆ ಸಿಗುವುದು ಐದು ಮಿಮೀ ಚಿಲ್ಲರೆ. ಪಕ್ಕದ ಇಂಗ್ಲಿಷ್ ಡಿವಿಡಿ ಎದೆ ಸೆಟೆದು ನಿಂತಿರುವಾಗ ನಮ್ಮದು ಕೂಗಿದರೂ ಕೇಳಿಸದ ಹಾಗಿರುತ್ತದೆ.

ಇದಕ್ಕೆ ನಾನು ಮಾಡುವುದು ಹೀಗೆ. ಹೆಸರಿನಲ್ಲಿ ಒತ್ತಕ್ಷರ ಎಷ್ಟಿದೆ, ಎಲ್ಲಿದೆ ಅಂತ ಮೊದಲು ನೋಡುತ್ತೇನೆ. ಒಂದೇ ಇದ್ದರೆ ಅದನ್ನು ಕೈಯಲ್ಲೇ ತಿದ್ದಿ, ಕೆಳಗೆ ಇಳಿಬಿಡುವ ಬದಲು ಬಲಕ್ಕೆ ಎಳೆದು, ಮುಂದಿನ ಅಕ್ಷರದ ಬಗಲಿಗೆ ಸೇರಿಸುತ್ತೇನೆ. ನಮ್ಮ ಸಿನಿಮಾ ಬೋರ್ಡು ಬರೆಯುತ್ತಿದ್ದವರು ಇದನ್ನೇ ಸಲೀಸಾಗಿ ಮಾಡುತ್ತಿದ್ದರು. ಎರಡು ಮೂರು ಒತ್ತು ಇದ್ದರೆ ಒತ್ತು ಗಿಡ್ಡಗಿರುವ ಫಾಂಟ್ ಹುಡುಕಬೇಕು. ಹೆಸರನ್ನು ಬೆನ್ನಿನ ನಡುವೆ ಕೂರಿಸುವಾಗ ಸಾಫ್ಟ್‌ವೇರಿನ ‘ಸೆಂಟರ್’ ಬಟನ್ ನಂಬಬೇಡಿ. ಅದು ಒತ್ತಕ್ಷರದ ತುದಿಯವರೆಗೂ ಅಳೆದು ನಡು ಹಿಡಿಯುತ್ತದೆ, ಇಡೀ ಹೆಸರು ಮೇಲಕ್ಕೆ ಹಾರಿದ ಹಾಗೆ ಕಾಣುತ್ತದೆ. ಅಕ್ಷರಗಳ ಮೈಯನ್ನು ಮಾತ್ರ ಲೆಕ್ಕಕ್ಕೆ ಹಿಡಿದು, ಕಣ್ಣಳತೆಯಲ್ಲಿ ಕೂರಿಸಿ, ಒಂದು ಚೂರು ಮಾತ್ರ ಮೇಲಕ್ಕೆ ತಳ್ಳಿ.

ಅಕ್ಷರ ಯಾವ ಕಡೆ ತಿರುಗಬೇಕು? ಮೇಲಿನಿಂದ ಕೆಳಕ್ಕೆ ಓದುವಂತೆ. ಡಬ್ಬಿಯನ್ನು ಮುಖ ಮೇಲೆ ಮಾಡಿ ಮಲಗಿಸಿದಾಗ ಬೆನ್ನಿನ ಹೆಸರು ನೆಟ್ಟಗೆ ಕಾಣಬೇಕು, ಅದೇ ಪರೀಕ್ಷೆ. ಹೀಗೆ ತಿರುಗಿಸಿದಾಗ ಅಕ್ಷರದ ತಲೆ ಮುಖದ ಕಡೆಗೂ ಒತ್ತುಗಳು ಹಿಂಬದಿಯ ಮಡಿಕೆಯ ಕಡೆಗೂ ಬರುತ್ತವೆ. ಪ್ಲಾಸ್ಟಿಕ್ಕಿನೊಳಗೆ ಕಾಗದ ಒಂದು ಮಿಮೀ ಆಚೀಚೆ ಜಾರಿಯೇ ಜಾರುತ್ತದೆ, ಆಗ ಮಡಿಕೆ ದಾಟಿ ಹಿಂದೆ ಹೋಗುವುದು ಮೊದಲು ಒತ್ತಕ್ಷರವೇ. ಹಾಗಾಗಿ ಆ ಕಡೆ ಜಾಸ್ತಿ ಜಾಗ ಬಿಡಿ. ಬೆನ್ನಿಗೆ ಒಂದು ಬಣ್ಣ, ಮುಖಕ್ಕೆ ಇನ್ನೊಂದು ಬಣ್ಣ ಅಂತ ಮಡಿಕೆಯ ಗೆರೆಯಲ್ಲೇ ಬದಲಿಸಲೂಬೇಡಿ. ಅರ್ಧ ಮಿಮೀ ಜಾರಿದರೂ ಪಟ್ಟಿ ಹಚ್ಚಿದ ಹಾಗೆ ಕಾಣುತ್ತದೆ. ಬೆನ್ನಿನ ಬಣ್ಣ ಎರಡೂ ಬದಿಗೆ ಹರಿದು ಹೋಗಲಿ.

ಇನ್ನು ಅಳತೆ. ಸಾಮಾನ್ಯ ಡಿವಿಡಿ ಡಬ್ಬಿಯ ಕವರ್ 273 ಮಿಮೀ ಅಗಲ, 183 ಮಿಮೀ ಎತ್ತರ. ಫೈಲಿನಲ್ಲಿ ಎಡಕ್ಕೆ ಹಿಂಬದಿ 129.5, ನಡುವೆ ಬೆನ್ನು 14, ಬಲಕ್ಕೆ ಮುಖ 129.5. ಸುತ್ತಲೂ ಕತ್ತರಿಸುವ ಬಾಬ್ತು 3 ಮಿಮೀ ಬ್ಲೀಡ್ ಸೇರಿಸಿದರೆ 279×189. ಬ್ಲೂ-ರೇ ಡಬ್ಬಿ ಇದಕ್ಕಿಂತ ಗಿಡ್ಡ, ಕಾಗದದ ಎತ್ತರ 150 ಮಿಮೀ ಒಳಗೇ. ಸ್ಲಿಮ್ ಡಬ್ಬಿಯ ಬೆನ್ನು ಅರ್ಧಕ್ಕರ್ಧ. ಈ ಅಂಕಿಗಳನ್ನು ಸುಮ್ಮನೆ ನಂಬಿ ಕೂರಬೇಡಿ, ನಿಮಗೆ ಸಿಗುವ ಡಬ್ಬಿಯನ್ನೇ ತಂದು ಅಳೆಯಿರಿ. ಒಂದೇ ಅಂಗಡಿಯಲ್ಲಿ ಹೋದ ತಿಂಗಳು ಕೊಂಡ ಲಾಟಿಗೂ ಈ ತಿಂಗಳ ಲಾಟಿಗೂ ಒಂದು ಮಿಮೀ ವ್ಯತ್ಯಾಸ ಬರುವುದುಂಟು. ಬೇಕಾದಷ್ಟು ಡಬ್ಬಿಯನ್ನು ಒಂದೇ ಸಲಕ್ಕೆ ಕೊಂಡು, ಆಮೇಲೆ ಫೈಲ್ ತೆರೆಯಿರಿ.

ಹಿಂಬದಿ ಅಂದರೆ ಕಾನೂನು ಕೂರುವ ಜಾಗ. 1957ರ ಕೃತಿಸ್ವಾಮ್ಯ ಕಾಯಿದೆಯ 52ಎ ಕಲಮು ಏನೇನು ಇರಬೇಕು ಅಂತ ಬಿಡಿಸಿ ಹೇಳುತ್ತದೆ: ಸೆನ್ಸಾರ್ ಆಗಬೇಕಾದ ಚಿತ್ರವಾದರೆ ಆ ಪ್ರಮಾಣಪತ್ರದ ನಕಲು, ವಿಡಿಯೋ ಹೊರತಂದವರ ಹೆಸರು, ವಿಳಾಸ, ಹಕ್ಕುದಾರರ ಒಪ್ಪಿಗೆ ಪಡೆದಿದ್ದೇವೆ ಅನ್ನುವ ಘೋಷಣೆ, ಹಕ್ಕುದಾರರ ಹೆಸರು, ವಿಳಾಸ. ಇದು ಡಬ್ಬಿಯ ಮೇಲೂ ಇರಬೇಕು, ಡಿಸ್ಕ್ ಹಾಕಿದಾಗ ಪರದೆಯ ಮೇಲೂ ಬರಬೇಕು. ತಪ್ಪಿದರೆ 68ಎ ಕಲಮಿನಲ್ಲಿ ಮೂರು ವರ್ಷದವರೆಗೂ ಜೈಲಿದೆ. ಹುಡುಗರು ಇದನ್ನು ಕೊನೆಗೆ ಎಲ್ಲೋ ಮೂಲೆಗೆ ತುರುಕುತ್ತಾರೆ, ನಾನು ಮೊದಲೇ ಇದಕ್ಕೆ ಚೌಕ ಬಿಡುತ್ತೇನೆ. ಪ್ರಮಾಣಪತ್ರದ ನಕಲು ಓದಲು ಬರುವಷ್ಟು ದೊಡ್ಡದಿರಲಿ. 2024ರ ಹೊಸ ನಿಯಮದ ಪ್ರಕಾರ ‘ಯುಎ’ ಅನ್ನುವುದು 7+, 13+, 16+ ಅಂತ ಒಡೆದಿದೆ, ನಿಮ್ಮ ಪತ್ರದಲ್ಲಿ ಏನಿದೆಯೋ ಅದನ್ನೇ ಹಾಕಿ.

ಅಂಗಡಿಯಲ್ಲಿ ಮಾರುವುದಾದರೆ ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ತಯಾರಾದ ತಿಂಗಳು-ವರ್ಷ, ದೂರು ಹೇಳಿಕೊಳ್ಳಲು ಹೆಸರು, ವಿಳಾಸ, ಫೋನ್, ಇಮೇಲ್ ಬೇಕು. ಬಾರ್‌ಕೋಡಿನ ಪೂರ್ತಿ ಗಾತ್ರ ಸುಮಾರು 37×26 ಮಿಮೀ, ಶೇ 80ರವರೆಗೆ ಕುಗ್ಗಿಸಬಹುದು, ಅದಕ್ಕಿಂತ ಕೆಳಗೆ ಬೇಡ. ಬಿಳಿ ಮೇಲೆ ಕಪ್ಪು. ಕೆಂಪು ಗೆರೆ ಚೆಂದ ಕಾಣುತ್ತದೆ ಅಂತ ಹಾಕಿದರೆ ಅಂಗಡಿಯ ಕೆಂಪು ಬೆಳಕಿನ ಸ್ಕ್ಯಾನರ್‌ಗೆ ಅಲ್ಲಿ ಏನೂ ಕಾಣುವುದಿಲ್ಲ.

ಡಿವಿಡಿ, ಡಾಲ್ಬಿ ಲೋಗೋಗಳನ್ನು ಗೂಗಲ್‌ನಿಂದ ಇಳಿಸಿ ಸಾಲಾಗಿ ಅಂಟಿಸುವ ಚಟ ಬಿಡಿ. ಅವು ಪರವಾನಗಿ ಇದ್ದವರು ಬಳಸುವ ಗುರುತುಗಳು. ‘ಡಿವಿಡಿ, ಪಾಲ್, ಬಣ್ಣ, 16:9, ಕನ್ನಡ, ಇಂಗ್ಲಿಷ್ ಸಬ್‌ಟೈಟಲ್, 112 ನಿಮಿಷ’ ಅಂತ ಅಕ್ಷರದಲ್ಲಿ ಬರೆದರೆ ಸಾಕು (ಪಾಲ್ ಅಂದರೆ ನಮ್ಮ ಟಿವಿಯ ವಿಡಿಯೋ ಪದ್ಧತಿ). ರೀಜನ್ ಲಾಕ್, ಅಂದರೆ ಒಂದು ವಲಯದ ಪ್ಲೇಯರಿನಲ್ಲಿ ಮಾತ್ರ ಡಿಸ್ಕ್ ಓಡುವ ಬೀಗ, ಹಾಕಿಸಿದ್ದರೆ ಅದನ್ನೂ ಬರೆಯಿರಿ. ಭಾರತ ಡಿವಿಡಿಗೆ 5ನೇ ವಲಯ, ಅಮೆರಿಕ 1. ಅಲ್ಲಿನ ಕನ್ನಡ ಕೂಟಗಳಿಗೆ ಕಳಿಸುವ ಆಸೆ ಇದ್ದರೆ ಲಾಕ್ ಹಾಕಿಸಲೇಬೇಡಿ.

ಕಥೆಯ ಸಾರ ಅರವತ್ತು ಎಪ್ಪತ್ತು ಪದ ಮೀರಬಾರದು. ಇಂಗ್ಲಿಷನ್ನು 6 ಪಾಯಿಂಟಿನಲ್ಲಿ ಓದಿಬಿಡಬಹುದು. ಕನ್ನಡ 8ಕ್ಕಿಂತ ಇಳಿದರೆ ಒತ್ತಿನ ಹೊಟ್ಟೆಗಳೆಲ್ಲ ಶಾಯಿ ತುಂಬಿ ಮುಚ್ಚಿಹೋಗುತ್ತವೆ, ಕಪ್ಪಿನ ಮೇಲೆ ಬಿಳಿ ಅಕ್ಷರವಾದರೆ ಇನ್ನೂ ಬೇಗ. ಸಾಲಿನ ನಡುವಿನ ಅಂತರವೂ ಧಾರಾಳವಾಗಿರಲಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ.

ಮುಖದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅಲ್ಲಿ ಎಲ್ಲರಿಗೂ ಒಂದು ಅಭಿಪ್ರಾಯ ಇದ್ದೇ ಇರುತ್ತದೆ. ಪೋಸ್ಟರ್ ಯಾಕೆ ಹಾಗೇ ಬರುವುದಿಲ್ಲ ಅಂತ ಮಾತ್ರ ಲೆಕ್ಕ ತೋರಿಸುತ್ತೇನೆ. 40 ಇಂಚು ಎತ್ತರದ ಪೋಸ್ಟರು 183 ಮಿಮೀಗೆ ಇಳಿಯಬೇಕಾದರೆ ಐದೂವರೆ ಪಟ್ಟು ಕುಗ್ಗಬೇಕು. ಗೋಡೆಯಲ್ಲಿ ಒಂದು ಸೆಂಟಿಮೀಟರ್ ಇದ್ದ ಹೆಸರು ಇಲ್ಲಿ ಎರಡು ಮಿಮೀ ಕೂಡ ಇರುವುದಿಲ್ಲ. ಏಳು ಮುಖಗಳಿದ್ದರೆ ಒಂದು ಅಥವಾ ಎರಡನ್ನು ಉಳಿಸಿಕೊಳ್ಳಿ. ನಿರ್ಮಾಪಕರ ಭಾವಮೈದನ ಮುಖ ಹಿಂಬದಿಗೆ ಹೋಗಲಿ.

ಇನ್ನೊಂದು ಲೆಕ್ಕ ಚಿತ್ರಗಳದ್ದು. ‘ಸಿನಿಮಾದಿಂದಲೇ ಒಂದು ಫ್ರೇಮ್ ತೆಗೆದುಕೊಳ್ಳಿ’ ಅನ್ನುತ್ತಾರೆ. ಫುಲ್ ಎಚ್‌ಡಿ ಫ್ರೇಮ್ 1920×1080 ಪಿಕ್ಸೆಲ್. ಮುದ್ರಣಕ್ಕೆ ಬೇಕಾದ 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) ಅದರ ಎತ್ತರ 91 ಮಿಮೀ ಅಷ್ಟೇ. ನಮಗೆ ಬೇಕಾದ್ದು 189, ಅಂದರೆ ಎರಡು ಪಟ್ಟಿಗಿಂತ ಜಾಸ್ತಿ ಹಿಗ್ಗಿಸಬೇಕು. ಹಳೆಯ ಡಿವಿಡಿ ಫ್ರೇಮ್ 61 ಮಿಮೀ ಅಗಲ ಬರುತ್ತದೆ, ಹಿಂಬದಿಯ ಸಣ್ಣ ಚಿತ್ರಕ್ಕೆ ಆದೀತು. ವಿಸಿಡಿಯದ್ದು 352×288, ಅಗಲ 30 ಮಿಮೀ, ಅಂಚೆಚೀಟಿಯಷ್ಟು. ಆದ್ದರಿಂದ ಶೂಟಿಂಗ್ ನಡೆಯುವಾಗಲೇ ಸ್ಟಿಲ್ ಫೋಟೋಗ್ರಾಫರ್ ಒಬ್ಬರನ್ನು ಇಟ್ಟುಕೊಳ್ಳಿ. ಇಟ್ಟುಕೊಂಡಿಲ್ಲವಾದರೆ ಚಿತ್ರಕಾರರೊಬ್ಬರಿಂದ ಮುಖಪುಟ ಬರೆಸಿ. ಬಡಕಲು ಫ್ರೇಮನ್ನು ಹಿಗ್ಗಿಸುವುದಕ್ಕಿಂತ ಅದು ಎಷ್ಟೋ ಮೇಲು.

ಫೋಟೋಶಾಪಿನಲ್ಲಿ ಕನ್ನಡ ಯೂನಿಕೋಡ್ ಟೈಪ್ ಮಾಡಿದಾಗ ಒತ್ತುಗಳು ಬಿಡಿಬಿಡಿಯಾಗಿ ಪಕ್ಕಕ್ಕೆ ಬಿದ್ದರೆ ಗಾಬರಿಯಾಗಬೇಡಿ. ಕೆಲವು ವರ್ಷ ಹಳೆಯ ಆವೃತ್ತಿಯಾದರೆ ಪ್ರಿಫರೆನ್ಸಸ್ಸಿನ ಟೈಪ್ ವಿಭಾಗದಲ್ಲಿ ವರ್ಲ್ಡ್-ರೆಡಿ ಲೇಔಟ್ ಆರಿಸಿ, ಇನ್ನೂ ಹಳೆಯದರಲ್ಲಿ ಅದರ ಹೆಸರು ಮಿಡಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್. ಪ್ರೆಸ್ಸಿಗೆ ಕೊಡುವ ಫೈಲಿನಲ್ಲಿ ಅಕ್ಷರಗಳನ್ನೆಲ್ಲ ಕರ್ವ್ಸ್ ಮಾಡಿಬಿಡಿ, ಅಂದರೆ ಫಾಂಟ್ ಬೇಡದ ಗೆರೆಚಿತ್ರಗಳಾಗಿ ಬದಲಿಸಿ. ಅವರ ಕಂಪ್ಯೂಟರಿನಲ್ಲಿ ಕನ್ನಡಕ್ಕೆ ಹಳೆಯ ‘ನುಡಿ’ ತಂತ್ರಾಂಶ ಇದೆಯೋ ‘ಶ್ರೀಲಿಪಿ’ ಇದೆಯೋ ಅನ್ನುವುದು ಆಗ ನಿಮ್ಮ ತಲೆನೋವಲ್ಲ. ಕರ್ವ್ಸ್ ಮಾಡಿದ ಮೇಲೆ ಅರ್ಕಾವತ್ತುಗಳನ್ನು ಒಂದೊಂದಾಗಿ ನೋಡಿ.

ಮುದ್ರಣ. ನೂರಿನ್ನೂರು ಪ್ರತಿಗೆ ಆಫ್‌ಸೆಟ್ ಗಿಟ್ಟುವುದಿಲ್ಲ, ಡಿಜಿಟಲ್ ಪ್ರೆಸ್ ಸರಿ. ಬೆಂಗಳೂರಿನಲ್ಲಾದರೆ ಸುಲ್ತಾನ್‌ಪೇಟೆ ಸುತ್ತಮುತ್ತ ಕಾಗದ, ಪ್ರೆಸ್ಸು, ಕಟಿಂಗು ಎಲ್ಲ ಸಿಗುತ್ತದೆ. ಅಲ್ಲಿ ಲೆಕ್ಕ 12×18 ಇಂಚಿನ ಹಾಳೆಗೆ. ಎ4ನಲ್ಲಿ ಒಂದೇ ಕವರ್ ಮಾಡಿ ಕೊಟ್ಟರೆ ದುಡ್ಡು ದಂಡ. 12×18ರಲ್ಲಿ 279×189ರ ಎರಡು ಕವರ್ ಒಂದರ ಕೆಳಗೊಂದು ಆರಾಮಾಗಿ ಕೂರುತ್ತವೆ, ಎಲ್ಲಿ ಕತ್ತರಿಸಬೇಕು ಅಂತ ತೋರಿಸುವ ಕ್ರಾಪ್ ಮಾರ್ಕಿಗೂ ಜಾಗ ಉಳಿಯುತ್ತದೆ. ನೀವೇ ಜೋಡಿಸಿದ ಪಿಡಿಎಫ್ ಒಯ್ಯಿರಿ.

ಕಾಗದ 130 ಜಿಎಸ್‌ಎಂ ಆರ್ಟ್ ಪೇಪರ್ ಸಾಕು. ದಪ್ಪ ಕಾಗದ ಪ್ಲಾಸ್ಟಿಕ್ಕಿನೊಳಗೆ ತೂರುವಾಗ ಮೂಲೆ ಮುರಿಯುತ್ತದೆ. ‘ಮ್ಯಾಟ್ ಲ್ಯಾಮಿನೇಷನ್ ಮಾಡಿಬಿಡೋಣ ಸಾರ್, ರಿಚ್ ಆಗಿರುತ್ತೆ’ ಅಂತ ಅಂಗಡಿಯವರು ಹೇಳಿಯೇ ಹೇಳುತ್ತಾರೆ. ಕವರ್ ಹೇಗೂ ಹೊಳೆಯುವ ಪ್ಲಾಸ್ಟಿಕ್ಕಿನ ಹಿಂದೆ ಕೂರುತ್ತದೆ, ಮ್ಯಾಟ್ ಅನ್ನುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಆ ದುಡ್ಡನ್ನು ಕ್ರೀಸಿಂಗಿಗೆ, ಅಂದರೆ ಮಡಿಸುವ ಮೊದಲು ಮಡಿಕೆಯ ಗೆರೆಯನ್ನು ಒತ್ತಿಸುವುದಕ್ಕೆ, ಹಾಕಿ. ಡಿಜಿಟಲ್ ಪ್ರಿಂಟಿನಲ್ಲಿ ಬಣ್ಣ ಪುಡಿಯಾಗಿ ಕಾಗದದ ಮೇಲೆ ಕೂತಿರುತ್ತದೆ, ಒಳಗೆ ಇಳಿದಿರುವುದಿಲ್ಲ. ಕಪ್ಪು ಕವರನ್ನು ಕ್ರೀಸ್ ಇಲ್ಲದೆ ಮಡಿಸಿದರೆ ಬೆನ್ನಿನ ಎರಡೂ ಅಂಚಿಗೆ ಬಿಳಿ ಬಿರುಕು ಬರುತ್ತದೆ. ಕಾಗದದ ನಾರು ಮಡಿಕೆಯ ಉದ್ದಕ್ಕೇ ಇರುವ ಹಾಗೆ ನೋಡಿಕೊಂಡರೆ ಇನ್ನೂ ಒಳ್ಳೆಯದು.

ಕಪ್ಪಿನ ವಿಷಯಕ್ಕೆ ಬಂದರೆ, ದೊಡ್ಡ ಕಪ್ಪು ಜಾಗಕ್ಕೆ ಬರೀ ಕಪ್ಪು ಶಾಯಿ ಹಾಕಿದರೆ ಬೂದಿಯ ಥರ ಕಾಣುತ್ತದೆ. ನಾನು ಶೇಕಡಾ ಲೆಕ್ಕದಲ್ಲಿ ಸಯಾನ್ 60, ಮಜೆಂಟಾ 40, ಹಳದಿ 40, ಕಪ್ಪು 100 ಇಡುತ್ತೇನೆ. ಸಣ್ಣ ಅಕ್ಷರಕ್ಕೆ ಮಾತ್ರ ಬರೀ ಕಪ್ಪು 100. ನಾಲ್ಕು ಬಣ್ಣ ಸೇರಿಸಿದರೆ ಕೂದಲೆಳೆಯಷ್ಟು ಸರಿದರೂ ಅಕ್ಷರಕ್ಕೆ ನೆರಳು ಹುಟ್ಟುತ್ತದೆ. ರಾತ್ರಿಯ ದೃಶ್ಯಗಳನ್ನು ಪರದೆಯಲ್ಲಿ ಕಾಣುವುದಕ್ಕಿಂತ ಒಂದು ಮೆಟ್ಟಿಲು ಬೆಳಕು ಮಾಡಿಕೊಂಡೇ ಕಳಿಸಿ, ಕಾಗದಕ್ಕೆ ಸ್ವಂತ ಬೆಳಕಿಲ್ಲ.

ಡಿಸ್ಕಿನ ಮೇಲೆ ಕಾಗದದ ಸ್ಟಿಕರ್ ಬೇಡವೇ ಬೇಡ. ತಿರುಗುವಾಗ ತೂಕ ಓಲುತ್ತದೆ, ಬಿಸಿಗೆ ಗೋಂದು ಎದ್ದು ಪ್ಲೇಯರಿನೊಳಗೇ ಅಂಟಿಕೊಳ್ಳಬಹುದು. ಇಂಕ್‌ಜೆಟ್‌ನಲ್ಲಿ ನೇರ ಪ್ರಿಂಟ್ ಆಗುವ ಬಿಳಿ ಡಿಸ್ಕ್ ಸಿಗುತ್ತದೆ, ಅದನ್ನೇ ಕೊಳ್ಳಿ. ಡಿಸ್ಕ್ 120 ಮಿಮೀ, ನಡುವಿನ ತೂತು 15. ನಾಯಕಿಯ ಮುಖ ಸರಿಯಾಗಿ ತೂತಿನ ಮೇಲೆ ಬರುವ ಡಿಸೈನುಗಳನ್ನು ಬೇಕಾದಷ್ಟು ನೋಡಿದ್ದೇನೆ.

ಎಲ್ಲ ಆದ ಮೇಲೆ ಒಂದೇ ಒಂದು ಪ್ರತಿ ತೆಗೆಸಿ, ಕತ್ತರಿಸಿ, ಮಡಿಸಿ, ಅದೇ ಲಾಟಿನ ಡಬ್ಬಿಗೆ ತೂರಿಸಿ. ಬೇರೆ ಡಿವಿಡಿಗಳ ನಡುವೆ ನಿಲ್ಲಿಸಿ ನಾಲ್ಕು ಹೆಜ್ಜೆ ಹಿಂದೆ ಹೋಗಿ ಬೆನ್ನು ಓದಿ. ಕನ್ನಡಕ ಹಾಕುವ ಯಾರನ್ನಾದರೂ ಕರೆದು ಹಿಂಬದಿ ಓದಿಸಿ. ಬಾರ್‌ಕೋಡನ್ನು ಅಂಗಡಿಯೊಂದಕ್ಕೆ ಒಯ್ದು ಸ್ಕ್ಯಾನ್ ಮಾಡಿಸಿ. ಹೆಸರುಗಳ ಕಾಗುಣಿತವನ್ನು ಸೆನ್ಸಾರ್ ಪತ್ರ ಪಕ್ಕದಲ್ಲಿಟ್ಟುಕೊಂಡು ತಾಳೆ ನೋಡಿ. ಆಮೇಲೆ ಆ ಪ್ರತಿಯ ಮೇಲೆ ನಿರ್ಮಾಪಕರ ಸಹಿ, ತಾರೀಖು ಹಾಕಿಸಿಕೊಂಡು ಉಳಿದವನ್ನು ಪ್ರಿಂಟಿಗೆ ಬಿಡಿ. ಡಬ್ಬಿಗಳ ಲೆಕ್ಕಕ್ಕಿಂತ ಹತ್ತು ಕವರ್ ಜಾಸ್ತಿ ಹಾಕಿಸಿ, ತೂರಿಸುವಾಗ ಅಷ್ಟಾದರೂ ಹಾಳಾಗುತ್ತವೆ.