ಗುಂಡಿ ಯಾರದ್ದು ಅಂತ ಮೊದಲು ಗೊತ್ತು ಮಾಡಿಕೊಳ್ಳಿ

ಬೆಂಗಳೂರಿನಲ್ಲಿ ನಮ್ಮ ಬೀದಿಯ ತಿರುವಿನಲ್ಲಿ ಒಂದು ಗುಂಡಿ ಇತ್ತು. ಸ್ಕೂಟರ್ ಚಕ್ರ ಇಳಿದರೆ ಮೇಲೆ ಬರುವುದು ಕಷ್ಟ. ಯಾರೋ ಪುಣ್ಯಾತ್ಮರು ಅದರೊಳಗೆ ತೆಂಗಿನ ಗರಿ ನೆಟ್ಟು, ತುದಿಗೆ ಹಳೇ ಕೆಂಪು ಟವೆಲ್ ಕಟ್ಟಿದ್ದರು. ನಾನು ಎರಡು ತಿಂಗಳು ರಸ್ತೆ ರಿಪೇರಿ ಮಾಡಿ ಅಂತ ದೂರು ಕೊಟ್ಟೆ. ಎರಡು ಸಲ ಬಂದು ಜಲ್ಲಿ, ಡಾಂಬರು ಹಾಕಿ ಹೋದರು. ಎರಡು ಸಲವೂ ವಾರದೊಳಗೆ ಮತ್ತೆ ಬಾಯಿ ಬಿಟ್ಟಿತು. ನಾನು ಎಲ್ಲರನ್ನೂ ಬೈದುಕೊಂಡು ಓಡಾಡುತ್ತಿದ್ದೆ. ಆಮೇಲೆ ಒಂದು ದಿನ ಮರದ ಕೆಳಗಿನ ಇಸ್ತ್ರಿ ಗಾಡಿಯವರು, "ಸಾರ್, ನೀರು ಬಿಡೋ ದಿನ ಮಾತ್ರ ಇದು ತುಂಬುತ್ತೆ, ನೋಡಿದೀರಾ?" ಅಂದರು. ಅಷ್ಟೇ. ಕೆಳಗೆ ಕುಡಿಯುವ ನೀರಿನ ಪೈಪ್ ಸೋರುತ್ತಿತ್ತು. ಅದನ್ನು ಸರಿ ಮಾಡದೆ ಮೇಲೆ ಎಷ್ಟು ಡಾಂಬರು ಹಾಕಿದರೂ ನೀರು ಅದನ್ನು ಕಿತ್ತು ಹಾಕುತ್ತದೆ. ಬೇರೆ ಯಾರದ್ದೂ ತಪ್ಪಲ್ಲ, ನಾನೇ ತಪ್ಪು ಬಾಗಿಲು ತಟ್ಟುತ್ತಿದ್ದೆ.

ಅದಕ್ಕೇ ಫೋನ್ ಎತ್ತುವ ಮೊದಲು ಎರಡು ಮೂರು ದಿನ ಸುಮ್ನೆ ನೋಡಿ. ಗುಂಡಿಯಲ್ಲಿ ನೀರು ನಿಂತಿದೆಯಾ? ಕಾವೇರಿ ನೀರು ಬಿಡುವ ದಿನ ಮಾತ್ರ ತುಂಬಿ, ಮಾರನೇ ದಿನ ಇಂಗಿದರೆ ಅದು ನೀರಿನ ಪೈಪ್. ಬೇಸಿಗೆಯಲ್ಲೂ ಒಣಗದೆ, ಕಪ್ಪಗೆ, ವಾಸನೆ ಹೊಡೆಯುತ್ತಿದ್ದರೆ ಯುಜಿಡಿ, ಅಂದರೆ ಮನೆಗಳ ಕಕ್ಕಸು ನೀರು ಹೋಗುವ ಒಳಚರಂಡಿ. ಇವೆರಡೂ ಜಲಮಂಡಳಿಯದ್ದು, 1916ಕ್ಕೆ ಫೋನ್ ಮಾಡಿ. ಮಳೆ ಬಂದಾಗ ಮಾತ್ರ ಕೆರೆ ಆಗುತ್ತದೆ ಅಂದರೆ ಪಕ್ಕದ ಮೋರಿ ಕಟ್ಟಿಕೊಂಡಿದೆ ಅಂತ ಅರ್ಥ. ಮೋರಿ, ಫುಟ್‌ಪಾತ್, ರಸ್ತೆಯ ಡಾಂಬರು, ರಾಜಕಾಲುವೆ ಎಲ್ಲ ಪಾಲಿಕೆಯ ಲೆಕ್ಕ. ಮುಚ್ಚಳ ಒಡೆದಿದ್ದರೆ ಬಗ್ಗಿ ನೋಡಿ, ಬಹಳ ಸಲ ಯಾವ ಸಂಸ್ಥೆಯದ್ದು ಅಂತ ಅದರ ಮೇಲೇ ಅಚ್ಚು ಹಾಕಿರುತ್ತಾರೆ. ಟೆಲಿಫೋನ್ ಕೇಬಲ್ಲಿನವರ ಮುಚ್ಚಳಕ್ಕೆ ಜಲಮಂಡಳಿಗೆ ಫೋನ್ ಮಾಡಿದರೆ ಅವರಾದರೂ ಏನು ಮಾಡಬೇಕು ಹೇಳಿ.

ಇನ್ನೊಂದು ಮಾಮೂಲಿ ಗೊಂದಲ ಬೀದಿ ದೀಪದ್ದು. ಮನೆಯಲ್ಲಿ ಕರೆಂಟ್ ಹೋದರೆ, ತಂತಿ ಕಿತ್ತು ಬಿದ್ದರೆ, ಟ್ರಾನ್ಸ್‌ಫಾರ್ಮರ್‌ನಲ್ಲಿ ಕಿಡಿ ಬಂದರೆ ಬೆಸ್ಕಾಂ, 1912. ಆದರೆ ಬೀದಿ ದೀಪ ಉರಿಯುತ್ತಿಲ್ಲ ಅಂದರೆ ಅದು ಪಾಲಿಕೆಯವರ ಕೆಲಸ, ಕಂಬ ಯಾರದ್ದೇ ಇರಲಿ. ಕಂಬದ ಮೇಲೆ ನಂಬರ್ ಬರೆದಿದ್ದರೆ ಅದನ್ನೇ ಕೊಡಿ. "ದೇವಸ್ಥಾನದ ಹತ್ತಿರದ ಲೈಟು" ಅಂದರೆ ಬೆಂಗಳೂರಿನಲ್ಲಿ ಎಷ್ಟು ದೇವಸ್ಥಾನ! ಮಳೆಯಲ್ಲಿ ಕಂಬದ ಹತ್ತಿರ ನೀರು ನಿಂತಿದ್ದರೆ ಫೋಟೋ ತೆಗೆಯೋಕೆ ಹತ್ತಿರ ಹೋಗಲೇಬೇಡಿ, ದೂರದಿಂದ ಫೋನ್ ಮಾಡಿ.

ಪಾಲಿಕೆ ಅಂದೆ, ಯಾವ ಪಾಲಿಕೆ ಅಂತ ಕೇಳುತ್ತೀರಿ ಅಲ್ವಾ? 2025ರ ಸೆಪ್ಟೆಂಬರ್‌ನಿಂದ, ಇಡೀ ಊರಿಗೆ ಒಂದೇ ಪಾಲಿಕೆ ಆಗಿದ್ದ ಬಿಬಿಎಂಪಿ ಇಲ್ಲ. ಗ್ರೇಟರ್ ಬೆಂಗಳೂರು ಪ್ರಾಧಿಕಾರ ಅಂತ ಒಂದು, ಅದರ ಕೆಳಗೆ ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ, ಕೇಂದ್ರ ಅಂತ ಐದು ಪಾಲಿಕೆ. ಬಾಯಲ್ಲಿ ಇನ್ನೂ ಬಿಬಿಎಂಪಿ ಅಂತಲೇ ಬರುತ್ತದೆ, ನನಗೂ. ನಿಮ್ಮ ಮನೆ ಯಾವುದಕ್ಕೆ ಸೇರಿದೆ ಅಂತ ಒಂದು ಸಲ ತಿಳಿದುಕೊಂಡಿರಿ, ಯಾಕೆಂದರೆ ಗಡಿಯ ಬೀದಿಗಳಲ್ಲಿ ಎಡಗಡೆ ಗುಂಡಿ ಒಬ್ಬರದ್ದು, ಬಲಗಡೆ ಗುಂಡಿ ಇನ್ನೊಬ್ಬರದ್ದು ಆಗಿರಬಹುದು. ದೂರಿಗೆ ಬಿಬಿಎಂಪಿ ಕಾಲದಿಂದ ಬಂದ 1533 ನಂಬರ್ ಇದೆ. ಮೆಟ್ರೋ ಕೆಲಸ ನಡೆಯುವ ಕಡೆ ತಗಡಿನ ಬ್ಯಾರಿಕೇಡ್ ಪಕ್ಕದ ರಸ್ತೆ ಹಾಳಾಗಿದ್ದರೆ ಮೆಟ್ರೋ ನಿಗಮದವರಿಗೂ ಒಂದು ಪ್ರತಿ ಕಳಿಸಿ.

ಈಗ ಫೋಟೋ. ಬಹಳ ಜನ ಗುಂಡಿಯೊಳಗೆ ಕ್ಯಾಮೆರಾ ಇಟ್ಟು ತೆಗೆಯುತ್ತಾರೆ. ಅದು ಚಂದ್ರಲೋಕದ ಫೋಟೋ ಥರ ಕಾಣುತ್ತದೆ, ಎಲ್ಲಿ ಅಂತ ಗೊತ್ತಾಗಲ್ಲ. ಎರಡು ಫೋಟೋ ತೆಗೆಯಿರಿ. ಒಂದು ದೂರದಿಂದ, ಅಂಗಡಿ ಬೋರ್ಡೋ ಕ್ರಾಸ್ ನಂಬರಿನ ಕಲ್ಲೋ ಕಾಣಬೇಕು. ಇನ್ನೊಂದು ಹತ್ತಿರದಿಂದ, ಪಕ್ಕದಲ್ಲಿ ಒಂದು ಚಪ್ಪಲಿಯೋ ನೀರಿನ ಬಾಟಲಿಯೋ ಇಟ್ಟು. ಅಳತೆ ತಾನಾಗಿ ಗೊತ್ತಾಗುತ್ತದೆ. ದಿನಾಂಕ, ಜಾಗ ಫೋಟೋ ಮೇಲೇ ಬರುವ ಕ್ಯಾಮೆರಾ ಆಪ್ ಸಿಗುತ್ತದೆ, ಹಾಕಿಕೊಳ್ಳಿ.

ಬರೆಯುವಾಗ ಕೋಪ ಬೇಡ. "ಇಡೀ ಏರಿಯಾ ಹಾಳಾಗಿದೆ, ಟ್ಯಾಕ್ಸ್ ಕಟ್ಟೋದು ಯಾಕೆ" ಅಂತ ಬರೆದರೆ ಮನಸ್ಸಿಗೆ ಸಮಾಧಾನ, ಆದರೆ ಓದುವ ಇಂಜಿನಿಯರ್ ಎಲ್ಲಿಗೆ ಬರಬೇಕು? ಹೀಗೆ ಬರೆಯಿರಿ: "4ನೇ ಮೇನ್, 7ನೇ ಕ್ರಾಸ್ ಸೇರುವ ಜಾಗ, ಬೇಕರಿ ಎದುರು, ಮೋರಿಯ ಮೇಲಿನ ಎರಡು ಚಪ್ಪಡಿ ಮುರಿದಿವೆ, ಶಾಲೆ ಮಕ್ಕಳು ಓಡಾಡುವ ದಾರಿ." ಒಂದು ದೂರಿಗೆ ಒಂದೇ ವಿಷಯ. ಕಸ, ಗುಂಡಿ, ನಾಯಿ, ದೀಪ ನಾಲ್ಕನ್ನೂ ಒಂದರಲ್ಲೇ ತುಂಬಿದರೆ, ಒಂದು ಮುಗಿದ ಕೂಡಲೇ ನಾಲ್ಕೂ ಮುಗಿಯಿತು ಅಂತ ಮುಚ್ಚಿಬಿಡುತ್ತಾರೆ.

ಮುಚ್ಚುವ ವಿಷಯ ಬಂತಲ್ಲ. ಮೊಬೈಲಿಗೆ "ನಿಮ್ಮ ದೂರು ಪರಿಹರಿಸಲಾಗಿದೆ" ಅಂತ ಮೆಸೇಜ್ ಬರುತ್ತದೆ, ಬಾಲ್ಕನಿಯಿಂದ ನೋಡಿದರೆ ಗುಂಡಿ ಅಲ್ಲೇ ಇರುತ್ತದೆ. ನನಗೆ ಒಂದು ಸಲ ಮುಚ್ಚಿದ ಗುಂಡಿಯ ಫೋಟೋನೂ ಕಳಿಸಿದ್ದರು, ಅಚ್ಚುಕಟ್ಟಾದ ಕೆಲಸ, ಆದರೆ ಫೋಟೋದಲ್ಲಿ ನಮ್ಮ ಬೀದಿಯಲ್ಲಿ ಇಲ್ಲದ ಒಂದು ಹೊಂಗೆ ಮರ ಇತ್ತು. ಆಗ ಕೂಗಾಡಬೇಡಿ. ಅವತ್ತೇ ಅದೇ ಕೋನದಿಂದ ಇನ್ನೊಂದು ಫೋಟೋ ತೆಗೆದು, ಹಳೇ ದೂರಿನ ನಂಬರ್ ಹಾಕಿ, ಹೊಸ ದೂರು ಕೊಡಿ. ಆಮೇಲೆ ವಾರ್ಡಿನ ಎಇ, ಅಂದರೆ ಸಹಾಯಕ ಇಂಜಿನಿಯರ್ ಹತ್ತಿರ ಹೋಗಿ. ಬೆಳಿಗ್ಗೆ ಹೋದರೆ ಒಳ್ಳೆಯದು, ಮಧ್ಯಾಹ್ನದ ಮೇಲೆ "ಸಾಹೇಬ್ರು ಮೀಟಿಂಗ್‌ನಲ್ಲಿದ್ದಾರೆ" ಅನ್ನುವ ಉತ್ತರ ಜಾಸ್ತಿ. ಅಲ್ಲೂ ಆಗದಿದ್ದರೆ ಅವರ ಮೇಲಿನ ಎಇಇ, ಆಮೇಲೆ ಅವರಿಗೂ ಮೇಲಿನ ಇಇ. ನಾಲ್ಕೈದು ಮನೆಯವರು ಒಟ್ಟಿಗೆ ಹೋದರೆ ಕುರ್ಚಿ ಕೊಟ್ಟು ಮಾತಾಡಿಸುತ್ತಾರೆ, ಇದು ನನ್ನ ಅನುಭವ. ರಾಜ್ಯ ಸರ್ಕಾರದ 1902ಕ್ಕೂ ದೂರು ಕೊಡಬಹುದು.

ಹೊಸದಾಗಿ ಹಾಕಿದ ರಸ್ತೆ ಮೊದಲ ಮಳೆಗೇ ಕಿತ್ತು ಬಂದರೆ ಮಾಹಿತಿ ಹಕ್ಕು ಒಳ್ಳೆಯ ಅಸ್ತ್ರ. 2005ರ ಕಾಯ್ದೆ, ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ಕರ್ನಾಟಕದಲ್ಲಿ ಅರ್ಜಿ 150 ಪದ ಮೀರಬಾರದು, ವಿಷಯ ಒಂದೇ ಇರಬೇಕು. "ರಸ್ತೆ ಯಾಕೆ ಹೀಗಾಯಿತು" ಅಂತ ಕೇಳಬೇಡಿ, ಅದಕ್ಕೆ ಉತ್ತರ ಕೊಡಬೇಕಾಗಿಲ್ಲ. ಕಾಗದ ಕೇಳಿ. ಈ ರಸ್ತೆ ಕೆಲಸಕ್ಕೆ ಕೊಟ್ಟ ಜಾಬ್ ನಂಬರ್, ಕಾರ್ಯಾದೇಶದ ಪ್ರತಿ, ಅಳತೆ ಪುಸ್ತಕದ ಪ್ರತಿ, ಗುತ್ತಿಗೆದಾರರು ಎಷ್ಟು ದಿನ ತಮ್ಮ ಖರ್ಚಿನಲ್ಲಿ ರಿಪೇರಿ ಮಾಡಬೇಕು ಅನ್ನುವ ಅವಧಿ. ಈ ಕೊನೆಯದು ಮುಖ್ಯ, ಇಂಜಿನಿಯರುಗಳು ಇದನ್ನು ಡಿಎಲ್‌ಪಿ ಅನ್ನುತ್ತಾರೆ. ಅವಧಿ ಮುಗಿದಿಲ್ಲ ಅಂತ ಗೊತ್ತಾದರೆ, "ಫಂಡ್ ಇಲ್ಲ" ಅನ್ನುವ ಮಾತಿಗೆ ಜಾಗ ಇರಲ್ಲ. 30 ದಿನದಲ್ಲಿ ಉತ್ತರ ಬರಬೇಕು, ಬರದಿದ್ದರೆ ಮೇಲ್ಮನವಿ.

ಕಸದ ವಿಷಯ ಸ್ವಲ್ಪ ಬೇರೆ. ಖಾಲಿ ಸೈಟಿನ ಮೂಲೆಯಲ್ಲಿ ಕಸ ಬೀಳುತ್ತಿದ್ದರೆ ಎಲ್ಲರೂ ಮಾಡುವುದು ರಂಗೋಲಿ ಹಾಕುವುದು, ದೇವರ ಫೋಟೋ ಇಡುವುದು. ಒಂದು ವಾರ ನಡೆಯುತ್ತದೆ, ಆಮೇಲೆ ದೇವರ ಪಕ್ಕದಲ್ಲೇ ಕವರ್ ಬೀಳುತ್ತದೆ. ಯಾರು ಹಾಕುತ್ತಾರೆ ಅಂತ ನೋಡಿ. ನಮ್ಮಲ್ಲಿ ಹಾಕುತ್ತಿದ್ದವರು ಬೆಳಿಗ್ಗೆ 6ಕ್ಕೇ ಕೆಲಸಕ್ಕೆ ಹೋಗುವ ಪಿಜಿ ಹುಡುಗರು. ಕಸದ ಆಟೋ ಬರುತ್ತಿದ್ದದ್ದು 8ಕ್ಕೆ. ಪಿಜಿ ಓನರ್ ಹತ್ತಿರ ಮಾತಾಡಿ, ಗೇಟಿನ ಒಳಗೆ ಹಸಿ ಕಸಕ್ಕೊಂದು, ಒಣ ಕಸಕ್ಕೊಂದು ಡಬ್ಬ ಇಡಿಸಿದ ಮೇಲೆ ಆ ಮೂಲೆ ತಾನೇ ಖಾಲಿಯಾಯಿತು. ಪೌರಕಾರ್ಮಿಕರನ್ನು ಬೈದು ಪ್ರಯೋಜನ ಇಲ್ಲ, ನಾವು ಎಸೆದ ಡೈಪರ್ ಹೆಕ್ಕುವವರು ಅವರು.

ಫುಟ್‌ಪಾತ್ ಮೇಲೆ ಕಾರು ನಿಲ್ಲಿಸಿದ್ದರೆ, ಬೈಕ್ ಓಡಿಸಿದರೆ ನಂಬರ್ ಪ್ಲೇಟ್ ಕಾಣುವ ಹಾಗೆ ಫೋಟೋ ತೆಗೆದು ಟ್ರಾಫಿಕ್ ಪೊಲೀಸರ ಅಸ್ತ್ರಂ ಆಪ್‌ಗೆ ಹಾಕಿ. ಓಡಿಸುವವರ ಜೊತೆ ಜಗಳ ಬೇಡ, ಹೆಲ್ಮೆಟ್ ಅವರ ಕೈಯಲ್ಲಿರುತ್ತದೆ. ಹಾಗಂತ ಫುಟ್‌ಪಾತ್ ತುದಿಯಲ್ಲಿ ಕೂತ ಹೂವಿನಜ್ಜಿಯ ಮೇಲೆ ದೂರು ಕೊಡಬೇಡಿ. ಬೀದಿ ವ್ಯಾಪಾರಿಗಳಿಗೆ 2014ರಿಂದ ಕಾಯ್ದೆಯ ರಕ್ಷಣೆ ಇದೆ. ಅಲ್ಲದೆ ನಡೆಯೋಕೆ ಜಾಗ ಇಲ್ಲದಿರುವುದು ಅಜ್ಜಿಯ ಎರಡಡಿ ಬುಟ್ಟಿಯಿಂದಲ್ಲ, ಪಕ್ಕದಲ್ಲಿ ಸಾಲಾಗಿ ನಿಂತ ಕಾರುಗಳಿಂದ.

ನಮ್ಮ ಗುಂಡಿ ಏನಾಯಿತು ಅಂದರೆ, 1916ಕ್ಕೆ ಫೋನ್ ಮಾಡಿ, ನೀರು ಬಿಡುವ ವಾಲ್ವ್‌ಮ್ಯಾನ್‌ಗೂ ತೋರಿಸಿದೆ. ಅಗೆದು ಪೈಪ್ ಸರಿ ಮಾಡಿದರು. ಅಗೆದ ಜಾಗಕ್ಕೆ ಮಣ್ಣು ಮುಚ್ಚಿ ಹೋದರು, ಮೇಲಿನ ಡಾಂಬರಿಗೆ ನಾನು ಮತ್ತೆ 1533ಕ್ಕೆ ಫೋನ್ ಮಾಡಬೇಕಾಯಿತು. ಇದನ್ನೂ ಲೆಕ್ಕದಲ್ಲಿ ಇಟ್ಟುಕೊಂಡಿರಿ: ಪೈಪಿನ ಕೆಲಸ ಮುಗಿದ ದಿನವೇ ಡಾಂಬರಿಗೆ ದೂರು ಕೊಡಿ, ಮಳೆ ಬರುವ ತನಕ ಕಾಯಬೇಡಿ. ತೆಂಗಿನ ಗರಿಯನ್ನು ಡಾಂಬರು ಹಾಕಿದ ದಿನ ಕಿತ್ತರು. ಟವೆಲ್ ಸಮೇತ ಅದು ಈಗ ಹಿಂದಿನ ಕ್ರಾಸಿನಲ್ಲಿದೆ.